ಹಳೆಯ ಬುಲೆಟ್ಟಿನ ಆಯಿಲ್ ಸೋರಿಕೆ: ಪ್ಯಾಕಿಂಗ್ ಬದಲಿಸುವ ಮುನ್ನ ನೋಡಬೇಕಾದದ್ದು

ರಾಯಲ್ ಎನ್‌ಫೀಲ್ಡ್ ಬುಲೆಟ್ ಬೈಕು ನಿಂತ ಕಡೆ ನೆಲದ ಮೇಲೆ ಆಯಿಲ್ ಕಲೆ ಇರಲೇಬೇಕು, ಇಲ್ಲದಿದ್ದರೆ ಎಂಜಿನ್ನಿನೊಳಗೆ ಆಯಿಲ್ ಮುಗಿದಿದೆ ಎಂದೇ ತಿಳಿಯಬೇಕು ಎಂಬ ಮಾತನ್ನು ಹಳೆಯ ಬುಲೆಟ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ಸಲ ಕೇಳಿರುತ್ತಾರೆ. ಈ ಮಾತನ್ನು ನಂಬಿ ವರ್ಷಗಟ್ಟಲೆ ಬೈಕಿನ ಕೆಳಗೆ ಹಳೆಯ ಗೋಣಿಚೀಲ ಹಾಸಿಕೊಂಡು ಕಾಲ ಹಾಕುವವರು ಒಂದು ಬಗೆಯವರಾದರೆ, ಮೊದಲ ಹನಿ ಕಂಡ ಕೂಡಲೇ ಗಾಬರಿಯಾಗಿ ಗ್ಯಾರೇಜಿಗೆ ಹೋಗಿ ಇಡೀ ಎಂಜಿನ್ ಬಿಚ್ಚಿಸಿ, ಎರಡು ಭಾಗ ಸೇರುವಲ್ಲಿ ಆಯಿಲ್ ಸೋರದಂತೆ ಇಡುವ ಪ್ಯಾಕಿಂಗುಗಳನ್ನೆಲ್ಲ ಬದಲಿಸಿಕೊಂಡು ಬರುವವರು ಇನ್ನೊಂದು ಬಗೆಯವರು. ಎರಡನೆಯವರ ಬೈಕು ಕೂಡ ಕೆಲವೇ ತಿಂಗಳಲ್ಲಿ ಮತ್ತೆ ಸೋರಲು ಆರಂಭಿಸುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಹೊರಗೆ ಒಸರುವ ಜಾಗಕ್ಕೆ ಮದ್ದು ಮಾಡಿ, ಒಳಗಿನಿಂದ ಆಯಿಲನ್ನು ಹೊರಕ್ಕೆ ದೂಡುತ್ತಿರುವ ಕಾರಣವನ್ನು ಹಾಗೆಯೇ ಬಿಟ್ಟುಬಿಡುವುದರಿಂದ ಹೀಗಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲಿರುವುದು ತಂದೆಯವರ ಕಾಲದ 350 ಸಿಸಿ ಬುಲೆಟ್. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇರುವ, ಮೆಕ್ಯಾನಿಕ್‌ಗಳು ಇಂದಿಗೂ ‘ಕಾಸ್ಟ್ ಐರನ್ ಎಂಜಿನ್’ ಎಂದು ಕರೆಯುವ ಗಾಡಿ. ನಾನು ಇಲ್ಲಿ ಬರೆಯುತ್ತಿರುವುದು ಅದರ ಸಣ್ಣ ಸೋರಿಕೆಗಳ ಬಗ್ಗೆ ಮಾತ್ರ, ಅಂದರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದಾಗ ನೆಲದ ಮೇಲೆ ಒಂದೆರಡು ಹನಿ ಕಾಣುವ ಅಥವಾ ಎಂಜಿನ್ನಿನ ಮೈಯೆಲ್ಲ ಜಿಡ್ಡಾಗಿ ಧೂಳು ಮೆತ್ತಿಕೊಳ್ಳುವ ಬಗೆಯವುಗಳ ಬಗ್ಗೆ. ಇಷ್ಟು ಹಳೆಯ ಗಾಡಿಯಲ್ಲಿ ರಬ್ಬರು ಗಟ್ಟಿಯಾಗುವುದು, ಕಾಗದದ ಪ್ಯಾಕಿಂಗು ಒಣಗಿ ಕುಗ್ಗುವುದು ವಯಸ್ಸಿನ ಗುಣವೇ ಹೊರತು ತಯಾರಿಸಿದವರ ತಪ್ಪಲ್ಲ. 1955ರಲ್ಲಿ ಮದರಾಸಿನಲ್ಲಿ ತಯಾರಿಕೆಗೆ ನಾಂದಿಯಾದ ಈ ಬೈಕಿನ ಎಂಜಿನ್ ವಿನ್ಯಾಸವು ಅದಕ್ಕಿಂತಲೂ ಹಿಂದೆ, 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು. ಅಷ್ಟು ಹಳೆಯ ವಿನ್ಯಾಸವು ಮೂಲ ಸ್ವರೂಪವನ್ನು ಹೆಚ್ಚು ಬದಲಿಸಿಕೊಳ್ಳದೆ ಈ ಶತಮಾನದವರೆಗೂ ನಮ್ಮ ರಸ್ತೆಗಳಲ್ಲಿ ಉಳಿದುಬಂದಿದೆ.

ಈ ಎಂಜಿನ್ನಿನ ರಚನೆಯನ್ನು ಸ್ವಲ್ಪವಾದರೂ ತಿಳಿದುಕೊಳ್ಳದೆ ಅದರ ಸೋರಿಕೆಗೆ ಕೈಹಾಕುವುದು ವ್ಯರ್ಥ. ಈಗಿನ ನೂರು ಸಿಸಿ ಬೈಕುಗಳಲ್ಲಿ ಎಂಜಿನ್, ಕ್ಲಚ್ ಮತ್ತು ಗೇರುಗಳೆಲ್ಲ ಒಂದೇ ಆಯಿಲಿನಲ್ಲಿ ಮುಳುಗಿ ಕೆಲಸ ಮಾಡುತ್ತವೆ. ಹಳೆಯ ಬುಲೆಟ್ಟಿನಲ್ಲಿ ಹಾಗಲ್ಲ. ಎಂಜಿನ್ನಿಗೆ ಒಂದು ಆಯಿಲ್, ಎಡಬದಿಯಲ್ಲಿ ಕ್ಲಚ್ ಮತ್ತು ಎಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿ ಒಯ್ಯುವ ಪ್ರೈಮರಿ ಚೈನು ಇರುವ ಕೇಸಿಗೆ ಇನ್ನೊಂದು, ಎಂಜಿನ್ನಿನ ಹಿಂದೆ ಬೋಲ್ಟು ಹಾಕಿ ಸೇರಿಸಿರುವ ಗೇರ್‌ಬಾಕ್ಸಿಗೆ ಮತ್ತೊಂದು. ಎಂಜಿನ್ ಆಯಿಲ್ ಕೂಡ ಕ್ರ್ಯಾಂಕಿನ, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡದ, ಕೆಳಗೆ ನಿಂತಿರುವುದಿಲ್ಲ. ಕ್ರ್ಯಾಂಕ್ ಇರುವ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಎರಕದಲ್ಲೇ ಸೇರಿಕೊಂಡಿರುವ ಪ್ರತ್ಯೇಕ ಕೋಣೆಯೊಂದರಲ್ಲಿ ಅದು ಇರುತ್ತದೆ. ಒಂದು ಪಂಪು ಅಲ್ಲಿಂದ ಆಯಿಲನ್ನು ಎಳೆದು, ಪಿಸ್ಟನ್ನಿನ ಕನೆಕ್ಟಿಂಗ್ ರಾಡು ಕ್ರ್ಯಾಂಕಿಗೆ ಸೇರುವ ಬಿಗ್ ಎಂಡಿಗೆ ಕಳುಹಿಸುತ್ತದೆ, ಕೆಳಗೆ ಇಳಿದುಬಂದದ್ದನ್ನು ಇನ್ನೊಂದು ಪಂಪು ಮೇಲೆತ್ತಿ ಮರಳಿ ಕೋಣೆಗೆ ಸೇರಿಸುತ್ತದೆ. ಮರಳಿಸುವ ಪಂಪಿನ ಸಾಮರ್ಥ್ಯವು ಕಳುಹಿಸುವ ಪಂಪಿಗಿಂತ ಹೆಚ್ಚಾಗಿರುವುದರಿಂದ ಓಡುತ್ತಿರುವ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಕೆಳಗೆ ಆಯಿಲ್ ನಿಲ್ಲುವುದಿಲ್ಲ. ಮುಂದೆ ಹೇಳುವ ಸಂಗತಿಗಳಲ್ಲಿ ಹೆಚ್ಚಿನವು ಈ ಏರ್ಪಾಡಿನಿಂದಲೇ ಹುಟ್ಟುತ್ತವೆ.

ಹಾಗಾಗಿ ನೆಲದ ಮೇಲಿನ ಹನಿಯನ್ನು ಕಂಡಾಗ ಮೊದಲು ಕೇಳಬೇಕಾದದ್ದು ಅದು ಯಾವ ಆಯಿಲ್ ಎಂಬುದನ್ನು. ಬೈಕಿನ ಕೆಳಗೆ ಒಂದು ಬಿಳಿ ರಟ್ಟನ್ನು ಹಾಸಿ, ಅದರ ಮೇಲೆ ಚಕ್ರಗಳ ಜಾಗವನ್ನು ಗುರುತು ಮಾಡಿ, ರಾತ್ರಿಯಿಡೀ ಬಿಟ್ಟರೆ ಸಾಕಷ್ಟು ತಿಳಿಯುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕು ಎಡಕ್ಕೆ ವಾಲುವುದರಿಂದ ಬಲಬದಿಯ ಒಸರಿಕೆಯೂ ತಳಭಾಗದಲ್ಲಿ ಹರಿದು ಎಡಕ್ಕೆ ಬಂದು ತೊಟ್ಟಿಕ್ಕಬಹುದು. ಆದ್ದರಿಂದ ಈ ಪರೀಕ್ಷೆಯನ್ನು ಸೆಂಟರ್ ಸ್ಟ್ಯಾಂಡಿನಲ್ಲೇ ಮಾಡಬೇಕು. ಓಡಿದ ಎಂಜಿನ್ ಆಯಿಲ್ ಕಪ್ಪಾಗಿ, ಬೆರಳಿನಲ್ಲಿ ತಿಕ್ಕಿದರೆ ತೆಳ್ಳಗೆ, ಸುಟ್ಟ ವಾಸನೆಯಿಂದ ಕೂಡಿರುತ್ತದೆ. ಗೇರ್‌ಬಾಕ್ಸಿಗೆ ಇಪಿ 90 ಎಂಬ ಗೇರ್ ಆಯಿಲ್ ಹಾಕಿದ್ದರೆ ಅದು ಹೆಚ್ಚು ಮಂದವಾಗಿದ್ದು ಗಂಧಕದ ಗಾಢ ವಾಸನೆ ಹೊಡೆಯುತ್ತದೆ. ಒಮ್ಮೆ ಮೂಸಿ ನೋಡಿದವರು ಅದನ್ನು ಮರೆಯುವುದಿಲ್ಲ. ಪ್ರೈಮರಿ ಕೇಸಿನದು ಎಡಬದಿಯಲ್ಲೇ, ಕವರಿನ ಕೆಳಅಂಚಿನಿಂದ ಬೀಳುತ್ತದೆ. ಹಿಂದಿನ ಚೈನಿಗೆ ಧಾರಾಳವಾಗಿ ಆಯಿಲ್ ಹಚ್ಚಿ, ಮರುದಿನ ಅದು ಸಿಡಿದು ಬಿದ್ದದ್ದನ್ನು ಎಂಜಿನ್ ಸೋರಿಕೆಯೆಂದು ತಿಳಿದು ಮೆಕ್ಯಾನಿಕ್ ಬಳಿಗೆ ಓಡಿದವರೂ ಇದ್ದಾರೆ ಎಂಬುದನ್ನು ಇಲ್ಲಿ ಸೇರಿಸಿಯೇಬಿಡುತ್ತೇನೆ.

ಯಾವ ಆಯಿಲ್ ಎಂಬುದು ಗೊತ್ತಾದ ಮೇಲೆ ಎಲ್ಲಿಂದ ಎಂಬ ಪ್ರಶ್ನೆ. ಹನಿ ಬೀಳುವ ಜಾಗವೇ ಸೋರುವ ಜಾಗವಾಗಿರುವುದು ಅಪರೂಪ. ಮೇಲೆ ಎಲ್ಲೋ ಒಸರಿದ್ದು ಎಂಜಿನ್ನಿನ ಮೈಮೇಲೆ ಇಳಿದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ಬೋಲ್ಟಿನ ತಲೆಯನ್ನೋ ಎರಕದ ಅಂಚನ್ನೋ ಹಿಡಿದುಕೊಂಡು ಕೆಳಗೆ ಬಂದು, ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಹನಿಯಾಗುತ್ತದೆ. ಈ ಎಂಜಿನ್ನಿನ ತಗ್ಗಿನ ಜಾಗದಲ್ಲಿ ಡ್ರೈನ್ ಬೋಲ್ಟುಗಳು ಇರುವುದರಿಂದ ಎಲ್ಲ ಸೋರಿಕೆಯ ಅಪವಾದವೂ ಅವುಗಳ ಮೇಲೆಯೇ ಬರುತ್ತದೆ, ಸ್ಪ್ಯಾನರ್ ಹಿಡಿದವರು ಅವುಗಳನ್ನೇ ಮತ್ತೆ ಮತ್ತೆ ಬಿಗಿದು ಕೊನೆಗೆ ಅಲ್ಯೂಮಿನಿಯಮ್ಮಿನ ಥ್ರೆಡ್ಡನ್ನು ಕಿತ್ತುಹಾಕುತ್ತಾರೆ.

ಆದ್ದರಿಂದ ಎಂಜಿನ್ನನ್ನು ಚೆನ್ನಾಗಿ ತೊಳೆಯಬೇಕು. ಸೀಮೆಎಣ್ಣೆ ಈಗ ಸುಲಭವಾಗಿ ಸಿಗದ ಕಾರಣ ನಾನು ಡೀಸೆಲ್ ಬಳಸುತ್ತೇನೆ: ತಣ್ಣಗಿರುವ ಎಂಜಿನ್ನಿಗೆ ಹಳೆಯ ಪೇಂಟ್ ಬ್ರಷ್ಷಿನಿಂದ ಡೀಸೆಲ್ ಹಚ್ಚಿ, ಫಿನ್ನುಗಳ ಸಂದಿಯಲ್ಲಿ ಗಟ್ಟಿಯಾದ ಮಣ್ಣನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ, ಬಟ್ಟೆ ಸೋಪಿನ ನೀರಿನಲ್ಲಿ ತೊಳೆದು, ಹತ್ತಿಯ ವೇಸ್ಟಿನಿಂದ ಒರೆಸಿ ಬಿಸಿಲಿನಲ್ಲಿ ಒಣಗಲು ಬಿಡುತ್ತೇನೆ. ಪೂರ್ತಿ ಒಣಗಿದ ಮೇಲೆ ಅನುಮಾನವಿರುವ ಜೋಡಣೆಗಳ ಮೇಲೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ, ಹಾಸನದಿಂದ ಸಕಲೇಶಪುರದವರೆಗೆ ನಿಧಾನವಾಗಿ ಹೋಗಿಬರುತ್ತೇನೆ. ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಬೇಕು. ಊರೊಳಗೆ ಒಂದು ಸುತ್ತು ಹಾಕಿದರೆ ಸಾಲದು, ಏಕೆಂದರೆ ಬಿಸಿಯಾದಾಗ ಮಾತ್ರ ಆಯಿಲ್ ತೆಳ್ಳಗಾಗಿ ಸಣ್ಣ ಸಂದಿಯಲ್ಲೂ ಹಾದುಬರುತ್ತದೆ. ವಾಪಸಾದಾಗ ಬಿಳಿ ಪುಡಿಯಲ್ಲಿ ಒದ್ದೆಯ ಗೆರೆಯೊಂದು ಮೂಡಿರುತ್ತದೆ, ಆ ಗೆರೆಯ ಮೇಲ್ತುದಿಯೇ ಸೋರಿಕೆಯ ಮೂಲ. ಪೌಡರ್ ಇಲ್ಲದಿದ್ದರೆ ಸೀಮೆಸುಣ್ಣದ ಪುಡಿ ಆಗುತ್ತದೆ. ಮನೆಯಲ್ಲಿ ಕೈಗೆ ಸಿಗುತ್ತದೆಂದು ರಂಗೋಲಿ ಪುಡಿಯನ್ನು ಮಾತ್ರ ಹಾಕಬಾರದು. ಅದು ಕಲ್ಲಿನ ಪುಡಿ, ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಬ್ರೀದರಿನ ಬಾಯಿಗೋ ಕಾರ್ಬುರೇಟರಿಗೋ ಸೇರಿದರೆ ಒಳಗೆಲ್ಲ ಉಜ್ಜಿಬಿಡುತ್ತದೆ.

ಇಷ್ಟರಲ್ಲಿ ಒಂದು ಜಾಗ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಅಲ್ಲಿ ಪ್ಯಾಕಿಂಗ್ ಬದಲಿಸುವ ಮುನ್ನ ಎರಡು ವಿಷಯಗಳನ್ನು ನೋಡಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇವುಗಳಿಗೆ ಖರ್ಚೇ ಇಲ್ಲ.

ಮೊದಲನೆಯದು ಆಯಿಲಿನ ಮಟ್ಟ. ಬುಲೆಟ್ಟನ್ನು ಕೆಲವು ದಿನ, ಮುಖ್ಯವಾಗಿ ಕೆಲವು ವಾರ ನಿಲ್ಲಿಸಿಬಿಟ್ಟರೆ ಕೋಣೆಯಲ್ಲಿರುವ ಆಯಿಲ್ ಪಂಪಿನ ಸಂದಿಗಳ ಮೂಲಕ ತನ್ನ ಭಾರಕ್ಕೆ ತಾನೇ ಜಿನುಗಿ ಕ್ರ್ಯಾಂಕಿನ ಕೆಳಗೆ ಸೇರಿಕೊಳ್ಳುತ್ತದೆ. ಪಂಪುಗಳು ಸವೆದಷ್ಟೂ ಇದು ಬೇಗ ಆಗುತ್ತದೆ. ಆಗ ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ತುಂಬ ಕೆಳಗಿರುವಂತೆ ಕಾಣುತ್ತದೆ. ನೋಡಿದವರು ಸೋರಿಹೋಯಿತೆಂದು ಭಾವಿಸಿ ಕಾಲು ಲೀಟರನ್ನೋ ಅರ್ಧ ಲೀಟರನ್ನೋ ಸುರಿಯುತ್ತಾರೆ. ಬೈಕು ಸ್ಟಾರ್ಟ್ ಆದ ಮೇಲೆ ಕ್ರ್ಯಾಂಕಿನ ಕೆಳಗಿದ್ದದ್ದೆಲ್ಲ ಮರಳಿ ಕೋಣೆಗೆ ಬರುತ್ತದೆ, ಮೊದಲೇ ಹೊಸದಾಗಿ ಸುರಿದದ್ದು ಅಲ್ಲಿದೆ, ಜಾಗ ಸಾಲದೆ ಹೆಚ್ಚಾದದ್ದು ಬ್ರೀದರಿನಿಂದ ಹಿಡಿದು ಸಿಕ್ಕ ಸಿಕ್ಕ ಸಂದಿಯವರೆಗೆ ಎಲ್ಲೆಡೆಯಿಂದ ಹೊರಬೀಳುತ್ತದೆ. ಸೋರುತ್ತಿದೆಯೆಂದು ಇನ್ನಷ್ಟು ಹಾಕುವುದು, ಹಾಕಿದಷ್ಟೂ ಸೋರುವುದು ಎಂಬ ಚಕ್ರ ಇಲ್ಲಿಂದ ಶುರುವಾಗುತ್ತದೆ. ಒಟ್ಟು 2 ಲೀಟರಿಗಿಂತ ತುಸು ಹೆಚ್ಚು ಆಯಿಲ್ ಹಿಡಿಯುವ ಎಂಜಿನ್ನಿಗೆ ಅರ್ಧ ಲೀಟರ್ ಹೆಚ್ಚಾಗುವುದು ಸಣ್ಣ ಮಾತಲ್ಲ.

ಸರಿಯಾದ ಕ್ರಮವೆಂದರೆ, ಬೈಕನ್ನು ಕೆಲವು ಕಿಲೋಮೀಟರ್ ಓಡಿಸಿ ಬಂದು, ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಡಿಪ್‌ಸ್ಟಿಕ್ ಒರೆಸಿ ಅಳೆಯುವುದು. ಮೇಲಿನ ಗೆರೆಯನ್ನು ಮುಟ್ಟಲೇಬೇಕೆಂಬ ಹಟ ಬೇಡ. ಎರಡು ಗೆರೆಗಳ ನಡುವೆ, ಮೇಲಿನ ಗೆರೆಗಿಂತ ಸ್ವಲ್ಪ ಕೆಳಗಿದ್ದರೆ ಈ ಎಂಜಿನ್ ನೆಮ್ಮದಿಯಾಗಿರುತ್ತದೆ ಎಂಬುದು ನನ್ನ ಅನುಭವ. ತಿಂಗಳುಗಟ್ಟಲೆ ನಿಲ್ಲಿಸಿದ ಬೈಕಾದರೆ ಸ್ಟಾರ್ಟ್ ಮಾಡುವ ಮೊದಲೇ ಕ್ರ್ಯಾಂಕ್ ಬದಿಯ ಡ್ರೈನ್ ಬೋಲ್ಟ್ ಬಿಚ್ಚಿ, ಅಲ್ಲಿ ಶೇಖರವಾದದ್ದನ್ನು ಶುಚಿಯಾದ ಪಾತ್ರೆಗೆ ಇಳಿಸಿ, ಅದು ಇನ್ನೂ ಚೆನ್ನಾಗಿದ್ದರೆ ಸೋಸಿ ಮೇಲಿನಿಂದ ಹಾಕುವುದು ಹಳೆಯ ಮೆಕ್ಯಾನಿಕ್‌ಗಳ ಪದ್ಧತಿ. ಹಾಗೆ ಮಾಡಿದರೆ ಸ್ಟಾರ್ಟ್ ಆದ ಕೂಡಲೇ ಬೀದಿ ತುಂಬ ಹೊಗೆ ಎಬ್ಬಿಸುವುದೂ ತಪ್ಪುತ್ತದೆ.

ಎರಡನೆಯದು ಬ್ರೀದರ್, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲೇ ಇದೆ. ಈ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 70 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಇಳಿಯುವ ದೂರ, 90 ಮಿಲಿಮೀಟರ್. ಪಿಸ್ಟನ್ ಒಮ್ಮೆ ಕೆಳಗಿಳಿದಾಗ ಅದರ ಅಡಿಯಲ್ಲಿರುವ 346 ಸಿಸಿಯಷ್ಟು ಗಾಳಿ ಎಲ್ಲಿಗಾದರೂ ಹೋಗಲೇಬೇಕು. ಮೇಲೇರಿದಾಗ ಅಷ್ಟೇ ಜಾಗ ಮತ್ತೆ ಖಾಲಿಯಾಗುತ್ತದೆ. ಎಂಜಿನ್ 3000 ಸುತ್ತಿನಲ್ಲಿ ಓಡುತ್ತಿದ್ದರೆ ಪ್ರತಿ ನಿಮಿಷ 3000 ಬಾರಿ ಇದು ನಡೆಯುತ್ತದೆ. ಎರಡು ಅಥವಾ ನಾಲ್ಕು ಸಿಲಿಂಡರಿನ ಎಷ್ಟೋ ಎಂಜಿನ್‌ಗಳಲ್ಲಿ ಒಂದು ಪಿಸ್ಟನ್ ಇಳಿಯುವಾಗ ಇನ್ನೊಂದು ಏರುವುದರಿಂದ ಗಾಳಿ ಒಳಗೊಳಗೇ ಸರಿದಾಡಿ ಸಮವಾಗುತ್ತದೆ, ಒಂಟಿ ಸಿಲಿಂಡರಿಗೆ ಆ ಅನುಕೂಲವಿಲ್ಲ. ಅದಕ್ಕೆಂದೇ ಕ್ರ್ಯಾಂಕ್‌ಕೇಸಿನಿಂದ ಹೊರಬರುವ ಬ್ರೀದರ್ ಪೈಪಿನಲ್ಲಿ ಡಕ್‌ಬಿಲ್ ಎಂಬ ರಬ್ಬರಿನ ವಾಲ್ವನ್ನು ಇಟ್ಟಿರುತ್ತಾರೆ. ಚಪ್ಪಟೆಯಾದ ಎರಡು ತುಟಿಗಳಿರುವ ಆ ರಬ್ಬರು ಒಳಗಿನ ಗಾಳಿಯನ್ನು ಹೊರಕ್ಕೆ ಬಿಡುತ್ತದೆ, ಹೊರಗಿನದನ್ನು ಒಳಕ್ಕೆ ಬಿಡುವುದಿಲ್ಲ. ಅದು ಸರಿಯಾಗಿ ಕೆಲಸ ಮಾಡಿದಾಗ ಕ್ರ್ಯಾಂಕ್‌ಕೇಸಿನಲ್ಲಿ ಸರಾಸರಿ ಒತ್ತಡವು ಹೊರಗಿನ ಗಾಳಿಗಿಂತ ತುಸು ಕಡಿಮೆಯೇ ಇರುತ್ತದೆ, ಆಗ ಜೋಡಣೆಗಳಲ್ಲಿ ಸಣ್ಣ ಸಂದಿಯಿದ್ದರೂ ಆಯಿಲ್ ಹೊರಬರುವುದಕ್ಕಿಂತ ಒಳಗೇ ಉಳಿಯಲು ನೋಡುತ್ತದೆ. ಆ ಎರಡು ತುಟಿ ಬಿಸಿಗೆ ಗಟ್ಟಿಯಾಗಿ ಅಂಟಿಕೊಂಡರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ: ಪಿಸ್ಟನ್ ಪ್ರತಿ ಬಾರಿ ಇಳಿದಾಗಲೂ ಒಳಗಿನ ಗಾಳಿ ಆಯಿಲನ್ನು ಹೊತ್ತುಕೊಂಡು ಟ್ಯಾಪೆಟ್ ಕವರ್, ರಾಕರ್ ಕವರ್, ಟೈಮಿಂಗ್ ಕವರ್ ಎಂಬ ಎಂಜಿನ್ನಿನ ಮುಚ್ಚಳಗಳಲ್ಲಿ ಇದು ಅದು ಎಂದು ನೋಡದೆ ಎಲ್ಲಿ ದುರ್ಬಲವೋ ಅಲ್ಲಿಂದ ನುಗ್ಗುತ್ತದೆ.

ನಮ್ಮ ಬೈಕಿನಲ್ಲಿ ಕಂಡದ್ದು ಇದೇ. ಬಲಬದಿಯ ಟ್ಯಾಪೆಟ್ ಕವರಿನ ಕೆಳಗೆ ಯಾವಾಗಲೂ ಒದ್ದೆ ಇರುತ್ತಿತ್ತು, ಪ್ಯಾಕಿಂಗ್ ಬದಲಿಸಿದರೆ ಕೆಲವು ವಾರ ಒಣಗಿದ್ದು ಮತ್ತೆ ಶುರುವಾಗುತ್ತಿತ್ತು. ಬ್ರೀದರ್ ಪೈಪನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಅದರ ಬಗ್ಗಿದ ಭಾಗದಲ್ಲಿ ಹಾಲಿನ ಕೆನೆಯಂಥ ಬಿಳಿಯ ಪದಾರ್ಥ ತುಂಬಿಕೊಂಡಿತ್ತು. ಆಯಿಲಿನ ಆವಿಯೂ ನೀರಿನ ತೇವವೂ ಬೆರೆತು ಆಗುವ ಗಸಿ ಅದು. ಮಳೆಗಾಲದಲ್ಲಿ ಬೈಕನ್ನು ಮಾರ್ಕೆಟ್ಟಿಗೆ, ಬ್ಯಾಂಕಿಗೆ ಎಂದು ಅರ್ಧ ಬಿಸಿಯಲ್ಲೇ ಓಡಿಸಿ ನಿಲ್ಲಿಸುತ್ತಿದ್ದರೆ ಒಳಗಿನ ತೇವ ಆರಿಹೋಗಲು ಅವಕಾಶವೇ ಸಿಗದೆ ಹೀಗೆ ಶೇಖರವಾಗುತ್ತದೆ. ಡಕ್‌ಬಿಲ್ಲಿನ ತುಟಿಗಳು ಉಗುರಿನಿಂದ ಒತ್ತಿದರೂ ಬಾಗದಷ್ಟು ಗಟ್ಟಿಯಾಗಿದ್ದವು. ಪೈಪನ್ನು ಪೆಟ್ರೋಲಿನಲ್ಲಿ ತೊಳೆದು, ಹೊಸ ರಬ್ಬರು ಹಾಕಿ, ಪೈಪು ಎಲ್ಲಿಯೂ ಮಡಚಿಕೊಳ್ಳದಂತೆ ಕಟ್ಟಿದ ಮೇಲೆ ಟ್ಯಾಪೆಟ್ ಕವರಿನ ಅದೇ ಹಳೆಯ ಪ್ಯಾಕಿಂಗೇ ಒಣಗಿ ನಿಂತಿತು. ಆ ರಬ್ಬರಿನ ಬೆಲೆ ಒಂದು ಮಸಾಲೆ ದೋಸೆಯ ಬೆಲೆಗಿಂತ ಹೆಚ್ಚೇನಲ್ಲ.

ಬ್ರೀದರ್ ಸರಿಯಿದೆಯೇ ಎಂದು ನೋಡಲು ಎಂಜಿನ್ ಐಡಲಿನಲ್ಲಿರುವಾಗ ಪೈಪಿನ ತುದಿಗೆ ಹೆಬ್ಬೆರಳನ್ನು ಹಗುರವಾಗಿ ಹಿಡಿದರೆ ಸಾಕು. ಪುಸುಪುಸು ಎಂದು ಹೊರಕ್ಕೆ ಮಾತ್ರ ಗಾಳಿ ತಾಗಬೇಕು. ಒಳಕ್ಕೂ ಹೊರಕ್ಕೂ ಸಮವಾಗಿ ಎಳೆದಾಡುತ್ತಿದ್ದರೆ ವಾಲ್ವು ಹರಿದಿದೆ, ಏನೂ ತಾಗದಿದ್ದರೆ ಕಟ್ಟಿಕೊಂಡಿದೆ. ವಾಲ್ವು ಹೊಸದಾಗಿದ್ದೂ ಗಾಳಿ ರಭಸದಿಂದ, ಹೊಗೆಯೊಂದಿಗೆ ಬರುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದು ಸುಡುಗಾಳಿ ಕೆಳಕ್ಕೆ ಇಳಿಯುತ್ತಿದೆ ಎಂದರ್ಥ. ಆಗ ಅದು ಸಣ್ಣ ಸೋರಿಕೆಯ ವಿಷಯವಾಗಿ ಉಳಿಯುವುದಿಲ್ಲ.

ಮಟ್ಟ ಮತ್ತು ಬ್ರೀದರ್ ಎರಡೂ ಸರಿಯಿದ್ದು ಆಮೇಲೂ ಒಸರಿದರೆ ವಾಷರುಗಳ ಸರದಿ. ಸಿಲಿಂಡರಿನ ಮೇಲೆ ಕೂರುವ ಹೆಡ್ಡಿನಲ್ಲಿ ವಾಲ್ವುಗಳನ್ನು ತೆರೆಯುವ ರಾಕರುಗಳಿಗೆ ಆಯಿಲ್ ಒಯ್ಯುವ ಹೊರಗಿನ ಪೈಪಿನ ತುದಿಗಳಲ್ಲಿ ತೂತಿರುವ ಬ್ಯಾಂಜೋ ಬೋಲ್ಟುಗಳಿದ್ದು, ಪ್ರತಿಯೊಂದರ ಎರಡು ಬದಿಗೂ ವಾಷರ್ ಇರುತ್ತದೆ. ಅಲ್ಲಿ ತಾಮ್ರದ ವಾಷರ್ ಇದ್ದರೆ ಅದು ಒಮ್ಮೆ ಬಿಗಿದ ಮೇಲೆ ಒತ್ತಡಕ್ಕೆ ಗಟ್ಟಿಯಾಗುತ್ತದೆ. ಬಿಚ್ಚಿ ಮತ್ತೆ ಹಾಗೆಯೇ ಹಾಕಿದರೆ ಹೊಸ ಜಾಗದಲ್ಲಿ ಒತ್ತಿಕೊಳ್ಳದೆ ಒಸರುತ್ತದೆ. ಹೊಸದು ಸಿಗದಿದ್ದರೆ ಹಳೆಯದನ್ನೇ ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮತ್ತೆ ಮೃದುವಾಗುತ್ತದೆ. ಉಕ್ಕನ್ನು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರದ ಸ್ವಭಾವ ಅದಕ್ಕೆ ವಿರುದ್ಧ. ಮೇಲೆ ಕಟ್ಟಿದ ಕಪ್ಪನ್ನು ನಯವಾದ ಎಮರಿ ಕಾಗದದಲ್ಲಿ ಉಜ್ಜಿ ತೆಗೆದು ಹಾಕಿದರೆ ಕೆಲಸ ಮುಗಿಯಿತು. ಡ್ರೈನ್ ಬೋಲ್ಟುಗಳ ವಾಷರನ್ನಂತೂ ಪ್ರತಿ ಆಯಿಲ್ ಬದಲಾವಣೆಯಲ್ಲೂ ಹೊಸದಾಗಿ ಹಾಕಿಬಿಡುವುದು ಒಳ್ಳೆಯದು, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗಲೆಲ್ಲ ನಾನು ಒಂದು ಸಣ್ಣ ಪೊಟ್ಟಣ ವಾಷರುಗಳನ್ನು ತಂದಿಟ್ಟುಕೊಳ್ಳುತ್ತೇನೆ.

ಕವರುಗಳ ವಿಷಯದಲ್ಲಿ ನನಗೆ ಒಂದು ತಕರಾರು ಇದೆ, ಅದು ಸಿಲಿಕೋನ್ ಅಂಟಿನ ಬಗ್ಗೆ. ಯಾವ ಕವರು ಸೋರಿದರೂ ಟ್ಯೂಬಿನಿಂದ ದಪ್ಪಗೆ ಹಿಂಡಿ ಮುಚ್ಚಿಬಿಡುವ ಅಭ್ಯಾಸ ಎಲ್ಲ ಕಡೆ ಬೆಳೆದಿದೆ. ಹೊರಗೆ ಉಬ್ಬಿ ನಿಂತದ್ದು ಕಣ್ಣಿಗೆ ಕಾಣುತ್ತದೆ, ಅಷ್ಟೇ ಒಳಗೂ ಉಬ್ಬಿರುತ್ತದೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಒಳಗೆ ಉಬ್ಬಿದ್ದು ಬಿಸಿ ಆಯಿಲಿನಲ್ಲಿ ಕಳಚಿ, ತುಂಡಾಗಿ ತೇಲುತ್ತ ಆಯಿಲಿನ ದಾರಿಯಲ್ಲಿ ಸಿಕ್ಕಿಕೊಂಡರೆ, ಒಂದು ಹನಿ ನಿಲ್ಲಿಸಲು ಹೋಗಿ ಬಿಗ್ ಎಂಡಿಗೆ ಆಯಿಲ್ ಸಿಗದಂತೆ ಮಾಡಿದ ಹಾಗಾಗುತ್ತದೆ. ಟೈಮಿಂಗ್ ಕವರಿನಲ್ಲಿ ಆಯಿಲಿನ ರಂಧ್ರಗಳು ಹಾದುಹೋಗುವುದರಿಂದ ಅಲ್ಲಿ ಇದು ಸಲ್ಲದೇ ಸಲ್ಲದು. ಅಂಟು ಬೇಕೇ ಬೇಕೆನಿಸಿದರೆ ಬೆರಳ ತುದಿಯಲ್ಲಿ ಸವರಿದಷ್ಟು ತೆಳ್ಳಗೆ, ಪ್ಯಾಕಿಂಗಿನ ಒಂದು ಮುಖಕ್ಕೆ ಮಾತ್ರ ಹಚ್ಚಬೇಕು.

ಸಾಮಾನ್ಯವಾಗಿ ಕವರು ಸೋರುವುದು ಪ್ಯಾಕಿಂಗು ತೆಳ್ಳಗಾದ್ದರಿಂದಲ್ಲ, ಕವರೇ ಡೊಂಕಾದ್ದರಿಂದ. ಟ್ಯಾಪೆಟ್ ಕವರನ್ನು ನಡುವಿನ ಒಂದೇ ನಟ್ಟು ಹಿಡಿದುಕೊಂಡಿರುತ್ತದೆ. ಸೋರಿದಾಗಲೆಲ್ಲ ಅದನ್ನು ಇನ್ನಷ್ಟು ಬಿಗಿದರೆ ಕವರಿನ ನಡುಭಾಗ ಒಳಕ್ಕೆ ಬಾಗಿ ಅಂಚುಗಳು ಮೇಲೇಳುತ್ತವೆ, ಬಿಗಿದಷ್ಟೂ ಸೋರಿಕೆ ಹೆಚ್ಚಾಗುತ್ತದೆ. ಅದನ್ನು ನೋಡಲು ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದವನ್ನು ಅಂಟಿಸಿ, ಎರಡು ಹನಿ ಆಯಿಲ್ ಬಿಟ್ಟು, ಕವರಿನ ಮುಖವನ್ನು ಅದರ ಮೇಲೆ ವೃತ್ತಾಕಾರದಲ್ಲಿ ಹಗುರವಾಗಿ ಉಜ್ಜಬೇಕು. ಕೆಲವು ಸುತ್ತಿನ ನಂತರ ತಿರುಗಿಸಿ ನೋಡಿದರೆ ಎತ್ತರದ ಜಾಗಗಳು ಹೊಳೆಯುತ್ತವೆ, ತಗ್ಗಿನ ಜಾಗಗಳು ಮಂಕಾಗಿಯೇ ಉಳಿದಿರುತ್ತವೆ. ಇಡೀ ಅಂಚು ಒಂದೇ ಸಮನೆ ಹೊಳೆಯುವವರೆಗೆ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಹೊಸ ಪ್ಯಾಕಿಂಗ್ ಹಾಕಿ, ನಟ್ಟನ್ನು ಸಣ್ಣ ಸ್ಪ್ಯಾನರಿನಿಂದ ಮಣಿಕಟ್ಟಿನ ಬಲದಷ್ಟೇ ಬಿಗಿದರೆ ಸಾಕಾಗುತ್ತದೆ. ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆಯುವಾಗ ಸ್ಕ್ರೂ ಡ್ರೈವರ್ ಬಳಸಿದರೆ ಅಲ್ಯೂಮಿನಿಯಂ ಮುಖದ ಮೇಲೆ ಗೀರು ಬಿದ್ದು ಅದೇ ಹೊಸ ಸೋರಿಕೆಯ ದಾರಿಯಾಗುತ್ತದೆ, ಹಳೆಯ ಪ್ಲಾಸ್ಟಿಕ್ ಅಳತೆಪಟ್ಟಿಯ ತುಂಡು ಆ ಕೆಲಸಕ್ಕೆ ಹೆಚ್ಚು ಸುರಕ್ಷಿತ.

ಹೆಡ್ ಮತ್ತು ಸಿಲಿಂಡರ್ ಸೇರುವಲ್ಲಿ ಬಲಬದಿಯಲ್ಲಿ ಕಾಣುವ ಒಸರಿಕೆ ಸ್ವಲ್ಪ ಬೇರೆ ಜಾತಿಯದು. ಸಿಲಿಂಡರ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪ್ರತಿ ಸವಾರಿಯಲ್ಲೂ ಆ ಜೋಡಣೆ ಹೀಗೆ ಸರಿದಾಡುತ್ತಿರುತ್ತದೆ, ಕೆಳಗಿನಿಂದ ರಾಕರುಗಳನ್ನು ದೂಡುವ ಪುಶ್ ರಾಡುಗಳು ಓಡಾಡುವ ಸುರಂಗವೂ ಅದೇ ಬದಿಯಲ್ಲಿ ಅದೇ ಪ್ಯಾಕಿಂಗನ್ನು ಹಾದುಹೋಗುವುದರಿಂದ ಅಲ್ಲಿ ಆಯಿಲ್ ಕಾಣಿಸಿಕೊಳ್ಳುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಹೆಡ್ಡಿನ ನಟ್ಟುಗಳನ್ನು ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ, ಎದುರುಬದುರಿನ ಕ್ರಮದಲ್ಲಿ ಪರೀಕ್ಷಿಸುವುದು ಮೊದಲ ಹೆಜ್ಜೆ. ಇದನ್ನು ಅಳತೆ ಗೊತ್ತಿರುವವರ ಕೈಗೇ ಕೊಡುವುದು ಲೇಸು. ಜಿಡ್ಡಷ್ಟೇ ಕಾಣುತ್ತ ಹನಿ ಬೀಳದಿದ್ದರೆ, ಎಂಜಿನ್ನಿನ ಶಬ್ದದಲ್ಲಿ ಗಾಳಿ ಹೊರಬೀಳುವ ಟಿಕ್ ಟಿಕ್ ಸದ್ದು ಸೇರಿರದಿದ್ದರೆ, ಅದಕ್ಕಾಗಿಯೇ ಹೆಡ್ ಎತ್ತಿಸಬೇಕಾಗಿಲ್ಲ.

ಪ್ರೈಮರಿ ಕೇಸಿನ ಹೊರಕವರನ್ನೂ ಒಂದೇ ನಟ್ಟು ಹಿಡಿದಿರುತ್ತದೆ, ಅಂಚಿನುದ್ದಕ್ಕೂ ರಬ್ಬರು ಸೀಲು ಇರುತ್ತದೆ. ಅಲ್ಲಿಗೂ ಅದೇ ಮಾತು: ರಬ್ಬರು ಸತ್ತಿದ್ದರೆ ನಟ್ಟು ಬಿಗಿದು ಪ್ರಯೋಜನವಿಲ್ಲ. ಅರ್ಧ ಲೀಟರಿಗೂ ಕಡಿಮೆ ಆಯಿಲ್ ಹಿಡಿಯುವ ಕೇಸಾದ್ದರಿಂದ ಮಟ್ಟದ ಸ್ಕ್ರೂ ಬಿಚ್ಚಿ ಅಲ್ಲಿಂದ ಹೊರಬರುವವರೆಗೆ ಮಾತ್ರ ತುಂಬಬೇಕು.

ಸೋರಿಕೆ ನಿಲ್ಲಿಸಲು ಇನ್ನೂ ಮಂದವಾದ ಆಯಿಲ್ ಹಾಕಿ ಎಂಬ ಸಲಹೆಯೂ ಬರುತ್ತದೆ. ನಮ್ಮ ಕಡೆಯ ಹವೆಗೆ ಈ ಎಂಜಿನ್ನಿಗೆ 20ಡಬ್ಲ್ಯು-50 ದರ್ಜೆಯ ಆಯಿಲ್ ಸಾಕಷ್ಟು ಮಂದವೇ ಆಗಿದೆ. ಅದಕ್ಕಿಂತ ಮಂದವಾದದ್ದು ಹಾಕಿದರೆ ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಮೇಲಿನ ರಾಕರುಗಳಿಗೆ ಅದು ತಲುಪುವುದೇ ತಡವಾಗುತ್ತದೆ. ಸೋರಿಕೆ ನಿಲ್ಲಿಸುತ್ತೇವೆಂದು ಬಾಟಲಿಯಲ್ಲಿ ಮಾರುವ ದ್ರವಗಳು ರಬ್ಬರನ್ನು ಸ್ವಲ್ಪ ಉಬ್ಬಿಸಿ ಕೆಲಕಾಲ ಹಿಡಿದಿಡಬಹುದು, ಆದರೆ ಕಾಗದದ ಪ್ಯಾಕಿಂಗಿಗೆ ಅವುಗಳಿಂದ ಏನೂ ಆಗದು. ಎಂಜಿನ್ನಿನ ಆಯಿಲಿನಲ್ಲೇ ಕ್ಲಚ್ ಮುಳುಗಿರುವ ಬೇರೆ ಬೈಕುಗಳ ಮಾಲೀಕರು ಈ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು, ಅಂಥ ಬೈಕಿಗೆ, ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿಗೆ ಹೊಂದುತ್ತದೆಂದು ಸೂಚಿಸುವ ಜಾಸೋ ಎಂಎ ಗುರುತಿಲ್ಲದ ಕಾರಿನ ಆಯಿಲನ್ನೋ ಕಂಡ ಕಂಡ ದ್ರವವನ್ನೋ ಹಾಕಿದರೆ ಕ್ಲಚ್ ಪ್ಲೇಟುಗಳು ಜಾರಲು ಶುರುವಾಗಬಹುದು.

ಯಾವುದನ್ನು ಸಣ್ಣದೆಂದು ಬಿಡಬಾರದು ಎಂಬುದನ್ನೂ ಹೇಳಬೇಕು. ಆಯಿಲ್ ಹಿಂದಿನ ಟೈರಿಗೋ ಬ್ರೇಕ್ ಡ್ರಮ್ಮಿಗೋ ತಲುಪುತ್ತಿದ್ದರೆ, ಹನಿ ಒಂದೇ ಆದರೂ ಬೈಕನ್ನು ರಸ್ತೆಗೆ ಇಳಿಸಬಾರದು. ಸೈಲೆನ್ಸರಿನ ಪೈಪಿನ ಮೇಲೆ ಬಿದ್ದು ಹೊಗೆಯಾಡುತ್ತಿದ್ದರೂ ಹಾಗೆಯೇ. ನಿಂತಾಗ ಒಣಗಿದ್ದು ಓಡುವಾಗ ಮಾತ್ರ ಸುರಿಯುವ ಸೋರಿಕೆ ಆಯಿಲಿನ ಒತ್ತಡವಿರುವ ದಾರಿಯಲ್ಲಿ ಎಲ್ಲೋ ಬಿರುಕು ಬಿಟ್ಟಿರುವುದರ ಸೂಚನೆಯಾಗಿರಬಹುದು. ಮೊದಲ ಮಳೆಯ ದಿನ ರಸ್ತೆಯ ಮೇಲಿನ ಆಯಿಲ್ ನೀರಿನೊಂದಿಗೆ ಸೇರಿ ಹೇಗೆ ಜಾರುತ್ತದೆ ಎಂಬುದನ್ನು ಶಿರಾಡಿ ಘಾಟಿಯ ತಿರುವುಗಳಲ್ಲಿ ಹೋದ ಯಾವ ದ್ವಿಚಕ್ರ ಸವಾರರಿಗೂ ವಿವರಿಸಬೇಕಾಗಿಲ್ಲ, ನಮ್ಮ ಬೈಕು ಉದುರಿಸಿದ ಹನಿ ಹಿಂದೆ ಬರುವವರ ಚಕ್ರದಡಿಗೂ ಸಿಗುತ್ತದೆ.

ತೊಳೆದ ಡೀಸೆಲ್ ಮತ್ತು ಇಳಿಸಿದ ಹಳೆಯ ಆಯಿಲನ್ನು ಚರಂಡಿಗೆ ಚೆಲ್ಲುವ ರೂಢಿ ಇನ್ನೂ ಹೋಗಿಲ್ಲ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹಳೆಯ ಕ್ಯಾನಿನಲ್ಲಿ ಕೂಡಿಟ್ಟು, ಅದನ್ನು ಸಂಗ್ರಹಿಸಿ ಮರುಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ಕೊಟ್ಟುಬಿಡುವುದು ಕಷ್ಟದ ಕೆಲಸವೇನಲ್ಲ.

ಇಷ್ಟೆಲ್ಲ ಆದ ಮೇಲೂ ನಮ್ಮ ಬೈಕಿನಲ್ಲಿ ಒಂದು ಒಸರಿಕೆಯನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಗೇರ್‌ಬಾಕ್ಸಿನ ಎಡಬದಿಯಲ್ಲಿ, ಚೈನಿನ ಸ್ಪ್ರಾಕೆಟ್ಟಿನ ಹಿಂದೆ ಇರುವ ಸೀಲು ಸ್ವಲ್ಪ ಜಿನುಗುತ್ತದೆ, ಅದು ಇನ್ನೂ ಚೈನಿನ ಆಚೆಗೆ, ಟೈರಿನ ಕಡೆಗೆ ಹೋಗಿಲ್ಲ. ಅದನ್ನು ಬದಲಿಸಬೇಕಾದರೆ ಎಡಬದಿಯ ಫುಟ್‌ರೆಸ್ಟ್, ಬ್ರೇಕ್ ಪೆಡಲ್, ಪ್ರೈಮರಿ ಕವರ್, ಕ್ಲಚ್ ಎಲ್ಲವನ್ನೂ ಕಳಚಬೇಕು. ಕ್ಲಚ್ ಪ್ಲೇಟುಗಳು ಇನ್ನು ಒಂದು ಮಳೆಗಾಲ ಬಾಳುವಂತಿವೆ. ಅವುಗಳಿಗಾಗಿ ಕೇಸನ್ನು ಹೇಗೂ ಬಿಚ್ಚಲೇಬೇಕಾಗುವಾಗ ಈ ಸೀಲನ್ನೂ ಸೇರಿಸಿ ಹಾಕಿಸುವುದೆಂದು ಮೆಕ್ಯಾನಿಕ್ ಜೊತೆ ಮಾತಾಗಿದೆ, ಅಲ್ಲಿಯವರೆಗೆ ಪ್ರತಿ ಭಾನುವಾರ ಬೈಕ್ ಒರೆಸುವಾಗ ಹಿಂದಿನ ಟೈರಿನ ಎಡ ಅಂಚಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದೇನೆ.